ಟೈರ್ ಲೆಕ್ಕ ಬರೆದಿಡೋದು ಹೇಗೆ?

ಪ್ರಶ್ನೆ (ಗೋಣಿಕೊಪ್ಪದಿಂದ):
ನಮ್ಮಲ್ಲಿ ಕೆಲವು ಪಿಕಪ್, ಎರಡು ಲಾರಿ ಇವೆ. ತೋಟಗಳಿಂದ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಿಪ್ಪೆ ತೆಗೆದು ಹದ ಮಾಡೋ ಕಾರ್ಖಾನೆ) ಕಾಫಿ, ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಕಡೆಗೆ ಬೇರೆ ಲೋಡ್. ಟೈರ್ ಬಿಲ್ ಎಲ್ಲಾ ಫೈಲ್‌ನಲ್ಲಿದೆ. ಆದರೂ ಯಾವ ಕಂಪನಿಯ ಟೈರ್ ಲಾಭ ಅಂತ ಗೊತ್ತಾಗಲ್ಲ. ನೀವು ಹೇಗೆ ಬರೆದಿಡ್ತೀರಿ?

ಉತ್ತರ 1 (ಮಡಿಕೇರಿ, ಗಾಡಿಗಳ ಉಸ್ತುವಾರಿ):
ಗಾಡಿ ಹೆಸರಲ್ಲಿ ಬರೆಯಬೇಡಿ, ಟೈರ್ ಹೆಸರಲ್ಲಿ ಬರೆಯಿರಿ. ಟೈರಿನ ಪಕ್ಕದಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಅದಕ್ಕೊಂದು ಪುಟ. ಹಾಕಿದ ದಿನ, ಬೆಲೆ, ಯಾವ ಗಾಡಿ, ಯಾವ ಚಕ್ರ, ಆಗಿನ ಕಿಲೋಮೀಟರ್. ಬಿಚ್ಚಿದಾಗ ಮತ್ತೆ ಕಿಲೋಮೀಟರ್. ಸ್ಟೆಪ್ನಿಗೆ ಹೋದರೂ ಬರೆಯಲೇಬೇಕು, ಅಲ್ಲೇ ಲೆಕ್ಕ ತಪ್ಪೋದು.

ಉದಾಹರಣೆಗೆ, 9,000 ರೂಪಾಯಿ ಟೈರ್ 36,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ 25 ಪೈಸೆ. 7,500ರದ್ದು 25,000ಕ್ಕೇ ಮುಗಿದರೆ 30 ಪೈಸೆ. ಅಗ್ಗದ್ದೇ ದುಬಾರಿ ಆಯ್ತಲ್ವಾ? ಆದರೆ ಘಾಟಿ ಗಾಡಿಯನ್ನು ಘಾಟಿ ಗಾಡಿಗೇ ಹೋಲಿಸಿ. ಸಂಪಾಜೆ ತಿರುವುಗಳಲ್ಲಿ ಓಡೋ ಟೈರನ್ನು ಹುಣಸೂರು ರಸ್ತೆಯದರ ಪಕ್ಕ ಇಟ್ಟರೆ ಅನ್ಯಾಯ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಕೊನೆಯ ಕಾಲಂ: ಯಾಕೆ ಬಿಚ್ಚಿದ್ದು? ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಹೋಗಿದ್ದರೆ ಅಲೈನ್‌ಮೆಂಟ್ ನೋಡಿಸಿ. ಅಲ್ಲಲ್ಲಿ ಗುಂಡಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಿ. ಇದು ಗೊತ್ತಾಗದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಹಾಳಾಗುತ್ತದೆ.

ಉತ್ತರ 2 (ಸೋಮವಾರಪೇಟೆ, ಲಾರಿ ಚಾಲಕ):
ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದರ ಗಾಳಿ ಯಾರೂ ನೋಡಲ್ಲ. ಅದು ಇಳಿದರೆ ಭಾರವೆಲ್ಲಾ ಹೊರಗಿನದರ ಮೇಲೆ. ಬೆಳಿಗ್ಗೆ ಗಾಡಿ ಹೊರಡೋ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಿ.

ಪ್ರಶ್ನೆ ಕೇಳಿದವರು:
ರೀಸೋಲ್ ಮಾಡಿಸಿದರೆ, ಅಂದರೆ ಸವೆದ ಟೈರಿಗೆ ಮೇಲೆ ಹೊಸ ರಬ್ಬರ್ ಹಾಕಿಸಿದರೆ, ಹೊಸ ಪುಟ ತೆರೆಯಬೇಕಾ?

ಉತ್ತರ 1:
ಬೇಡ, ಅದೇ ಪುಟದಲ್ಲೇ ಮುಂದುವರಿಸಿ. ರೀಸೋಲ್ ಖರ್ಚನ್ನು ಹಳೇ ಬೆಲೆಗೆ ಸೇರಿಸಿ, ಒಟ್ಟು ಕಿಲೋಮೀಟರಿಂದ ಭಾಗಿಸಿ. ಟೈರ್ ವಾಪಸ್ ಬಂದಾಗ ಸೀರಿಯಲ್ ನಂಬರ್ ತಾಳೆ ನೋಡಿ, ಬೇರೆಯವರದ್ದು ಬಂದಿರಬಹುದು. ರೀಸೋಲ್ ಟೈರನ್ನು ಮುಂದಿನ ಚಕ್ರಕ್ಕೆ ಹಾಕಲೇಬೇಡಿ, ಅದೂ ನಮ್ಮ ಘಾಟಿಗಳಲ್ಲಿ.

ಇನ್ನೊಂದು ಮಾತು. ಟೈರಿನ ಮೇಲಿನ ಗೀರುಗಳ ಆಳ ಅಳೆಯೋ ಗೇಜ್ ಒಂದು ಇಟ್ಕೊಳ್ಳಿ. ಕಾನೂನಿನ ಮಿತಿ 1.6 ಮಿ.ಮೀ. ನಾನು ಮಾತ್ರ ಜೂನ್ ಮಳೆ ಶುರುವಾಗೋ ಮೊದಲು 3 ಮಿ.ಮೀ. ಒಳಗಿರೋ ಮುಂದಿನ ಟೈರ್ ತೆಗೆಸಿಬಿಡುತ್ತೇನೆ. ಇಲ್ಲಿ ಉಳಿಸಲು ಹೋಗಬಾರದು, ಗಾಡಿಯಲ್ಲಿ ನಮ್ಮ ಹುಡುಗರು ಕೂತಿರುತ್ತಾರೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. ಭಾನುವಾರ ಗಾಡಿಗಳೆಲ್ಲ ಶೆಡ್‌ನಲ್ಲಿರುತ್ತವೆ, ಸ್ಟೆಪ್ನಿ ಸಮೇತ ನಂಬರ್ ಬರೆದುಕೊಳ್ಳುತ್ತೇನೆ.