ಲ್ಯಾಪ್‌ಟಾಪಿಗೆ ಹಾಕುವುದು ಗವಸೋ, ಒರೆಯೋ?

ವಾರಕ್ಕೊಮ್ಮೆ ಮಡಿಕೇರಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಓಡಾಡುವವನು ನಾನು. ಒಳಗೆ ಲ್ಯಾಪ್‌ಟಾಪ್ ಇದೆ ಎಂದು ಊರಿಗೆಲ್ಲ ಸಾರುವ ಕಪ್ಪು ಬ್ಯಾಗು ಬೇಡವೆನಿಸಿ, 25 ಕೆಜಿಯ ಅಕ್ಕಿಚೀಲ ಕತ್ತರಿಸಿ, ಹಳೇ ಕಂಬಳಿಯ ಅಸ್ತರು ಕೊಟ್ಟು ಲ್ಯಾಪ್‌ಟಾಪಿನ ಅಳತೆಗೆ ಹೊದಿಕೆಯೊಂದನ್ನು ಹೊಲಿದುಕೊಂಡೆ. ಮೊದಲ ಸಲ ಉದ್ದ ಅಗಲ ಅಳೆದು ದಪ್ಪವನ್ನೇ ಮರೆತಿದ್ದೆ. ಕಂಬಳಿ ಜಾಗ ತಿಂದು, ಲ್ಯಾಪ್‌ಟಾಪ್ ಬಾಯಲ್ಲೇ ಸಿಕ್ಕಿಕೊಂಡಿತು. ಬಿಚ್ಚಿ, ಸುತ್ತ ಇನ್ನೊಂದು ಇಂಚು ಬಿಟ್ಟ ಮೇಲೆ ಸರಿಹೋಯಿತು. ನೂಲು, ಲಾಡಿ ಎಲ್ಲ ಸೇರಿ 30 ರೂಪಾಯಿ. ಮೊನ್ನೆ ಪಕ್ಕದ ಸೀಟಿನವರು, "ಯಾವ ಅಕ್ಕಿ? ಅನ್ನ ಉದುರುದುರಾಗಿ ಆಗ್ತದಾ?" ಎಂದು ಕೇಳಿದರು!

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಅಂಗಡಿಯವರ ‘ಸ್ಲೀವ್’ ಅನ್ನು ‘ತೋಳು’ ಮಾಡಿದರೆ ನಗುತ್ತಾರೆ. ಮನೆಯಲ್ಲಿ ‘ಕವರ್’ ಅನ್ನುತ್ತೇವೆ, ಆದರೆ ಮೀನು ತರುವ ಪ್ಲಾಸ್ಟಿಕ್ಕೂ ಕವರೇ, ಮದುವೆಯಲ್ಲಿ ಮುಯ್ಯಿ ಹಾಕುವ ಲಕೋಟೆಯೂ ಕವರೇ. ‘ಚೀಲ’ಕ್ಕೆ ಏನು ಬೇಕಾದರೂ ತುಂಬಬಹುದು, ಮೈಗೊಪ್ಪಬೇಕೆಂದೇನಿಲ್ಲ.

ನನ್ನ ಒಲವು ‘ಗವಸು’ ಕಡೆಗೆ. ದಿಂಬಿನ ಗವಸು, ಕೈಗವಸು, ವೀಣೆಯ ಗವಸು: ಎಲ್ಲವೂ ಒಳಗಿರುವುದರ ಅಳತೆಗೇ ಹುಟ್ಟಿದವು. ಮೋಡ ಕವಿಯಿತು ಅನ್ನುತ್ತೇವಲ್ಲ, ಆ ‘ಕವಿ’ಯ ಬಳಗದ್ದೇ ಈ ಪದ, ಹಳೆಯ ‘ಗವಸಣಿಗೆ’ಯೂ ಅಲ್ಲಿಯದೇ. ತೊಡಕಿರುವುದು ಕ್ರಿಯಾಪದದಲ್ಲಿ. ದಿಂಬಿಗೆ ಗವಸು ಹಾಕುತ್ತೇವೆ, ಒಗೆಯುವ ದಿನದವರೆಗೆ ಅದು ಅಲ್ಲೇ ಇರುತ್ತದೆ. ಲ್ಯಾಪ್‌ಟಾಪಿಗೆ ಹಾಗಲ್ಲ, ದಿನಕ್ಕೆ ಹತ್ತು ಸಲ ಜಾರಿಸಿ ಒಳಗೆ ಹಾಕಬೇಕು, ಎಳೆದು ಹೊರಗೆ ತೆಗೆಯಬೇಕು. ‘ಗವಸಿಗೆ ಹಾಕು’ ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ?

ಕೊಡವ ಗೆಳೆಯರೊಬ್ಬರು ಇದೇ ಕಾರಣಕ್ಕೆ ‘ಒರೆ’ ಎನ್ನಿ ಅಂದರು. ಅವರ ಕಣ್ಣ ಮುಂದಿದ್ದದ್ದು ಚೇಲೆಗೆ, ಅಂದರೆ ಸೊಂಟಕ್ಕೆ ಸುತ್ತುವ ಪಟ್ಟಿಗೆ, ಸಿಕ್ಕಿಸುವ ಕೊಡವರ ಕಿರುಗತ್ತಿ ಪೀಚೆಕತ್ತಿ. (ಅವರದೇ ಅಗಲ ಅಲಗಿನ ಒಡಿಕತ್ತಿಗೆ ಒರೆಯ ತಂಟೆಯಿಲ್ಲ, ಅದು ಬೆನ್ನ ಹಿಂದಿನ ತೊಡಂಗು ಎಂಬ ಲೋಹದ ಕೊಂಡಿಯಲ್ಲಿ ನಿಲ್ಲುತ್ತದೆ.) ಒರೆಗೆ ಹಾಕು, ಒರೆಯಿಂದ ಹಿರಿ: ಕ್ರಿಯಾಪದ ತಾನಾಗಿ ಬಂದು ಕೂರುತ್ತದೆ, ಒಪ್ಪಿದೆ. ಆದರೆ ಒರೆ ಗಟ್ಟಿ, ಕಂಬಳಿ ಮೆತ್ತಗೆ. ಮೇಲಾಗಿ ಪೀಚೆಕತ್ತಿಯ ಬೆಳ್ಳಿ ಕೆತ್ತನೆಯ ಒರೆ ನಾಲ್ಕು ಜನ ನೋಡಲೆಂದೇ ಇರುವುದು. ನನ್ನದು ಯಾರೂ ನೋಡದಿರಲೆಂದು ಹೊಲಿದದ್ದು.

ಎದ್ದು ಕಾಣದ್ದು ಎಂಬುದನ್ನೂ ಪದದೊಳಗೆ ತರಬೇಕೆಂದರೆ ‘ಗುಟ್ಟಿನ ಗವಸು’ ಅನ್ನಲಾರೆ, ಕದ್ದ ಮಾಲಿನಂತೆ ಕೇಳಿಸುತ್ತದೆ. ‘ಮರೆಗವಸು’ ನಡೆದೀತೇ? ನಿಮ್ಮ ಕಡೆ ಮೊಬೈಲಿಗೋ ಕನ್ನಡಕಕ್ಕೋ ಹೊಲಿದುಕೊಳ್ಳುವ ಇಂಥದ್ದಕ್ಕೆ ಮನೆಮಾತಿನಲ್ಲಿ ಬೇರೆ ಹೆಸರಿದ್ದರೆ, ಜೊತೆಗೆ ಬರುವ ಕ್ರಿಯಾಪದವನ್ನೂ ಸೇರಿಸಿ ತಿಳಿಸಿ.