ಬರ್ನಿ ಸತ್ತಿದ್ದು ಯಾರಿಗಾಗಿ? (ಗನ್‌ಡಮ್ 0080, ಕೊನೆ ನೋಡಿಲ್ಲದವರು ಓದಬೇಡಿ)

ನಿದ್ದೆಗೆಟ್ಟವ

ಗನ್‌ಡಮ್ ಅನ್ನೋ ಜಪಾನಿ ಅನಿಮೆ ಸರಣಿಯ 'ವಾರ್ ಇನ್ ದ ಪಾಕೆಟ್' ಈಗಷ್ಟೇ ಮುಗಿಸಿದೆ. 1989ರದ್ದು, ಬರೀ ಆರು ಎಪಿಸೋಡು. ರೋಬೋ ಫೈಟ್ ನೋಡೋಣ ಅಂತ ಕೂತವನು ಈಗ ತಲೆ ಕೆಡಿಸಿಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಭೂಮಿಯ ಫೆಡರೇಶನ್‌ಗೂ ಅದರ ವಿರುದ್ಧ ಎದ್ದ ಜಿಯಾನ್‌ಗೂ ಯುದ್ಧ. ಫೆಡರೇಶನ್‌ನ ಹೊಸ ಯುದ್ಧ ರೋಬೋ ಗನ್‌ಡಮ್ ನಾಶ ಆಗದಿದ್ದರೆ ಅದಿರುವ ಇಡೀ ಬಾಹ್ಯಾಕಾಶ ಕಾಲೊನಿ ಮೇಲೆ ಅಣುಬಾಂಬ್ ಹಾಕಿಸುವುದು ಅಂತ ಜಿಯಾನ್ ಕರ್ನಲ್ ತೀರ್ಮಾನ ಮಾಡಿರುತ್ತಾನೆ. ಕಾಲೊನಿಯೋ ತಟಸ್ಥ. ಅದನ್ನು ನಾಶ ಮಾಡೋಕೆ ಜಿಯಾನ್ ಕಳಿಸಿದ ತಂಡದಲ್ಲಿ ಉಳಿದಿರುವವನು ಬರ್ನಿ ಒಬ್ಬನೇ, ಅವನೂ ಹೊಸಬ. ಅವನು ತಪ್ಪಿಸಿಕೊಂಡು ಹೋಗಬಹುದಿತ್ತು, ಹೊರಟೂ ಇದ್ದ. ವಾಪಸ್ ಬರುತ್ತಾನೆ. ಆಲ್ ಅನ್ನೋ ಚಿಕ್ಕ ಹುಡುಗನ ಜೊತೆ ಸೇರಿ ಮುರಿದುಬಿದ್ದ ಝಾಕುವನ್ನು (ಜಿಯಾನ್‌ನ ರೋಬೋ) ರಿಪೇರಿ ಮಾಡಿ, ಹೊಗೆ ಎಬ್ಬಿಸಿ, ಸಾಂಟಾ ಬಲೂನು ಹಾರಿಸಿ, ಗನ್‌ಡಮ್ ಕಣ್ಣಿಗೆ ಮಣ್ಣೆರಚಿ ಹೊಡೆದಾಡುತ್ತಾನೆ. ಅಷ್ಟು ಹೊತ್ತಿಗೆ ಬಾಂಬ್ ತರುತ್ತಿದ್ದ ಜಿಯಾನ್‌ನವರು ಫೆಡರೇಶನ್ ಕೈಗೆ ಸಿಕ್ಕಿಬಿದ್ದಾಗಿದೆ! ಅದು ಗೊತ್ತಾಗಿ ಆಲ್ ಓಡುತ್ತಾನೆ, ಬೇಡ ಬೇಡ ಅಂತ ಕಿರುಚುತ್ತಾನೆ. ಅವನು ತಲುಪಿದ ಕ್ಷಣಕ್ಕೇ ಗನ್‌ಡಮ್‌ನ ಬೀಮ್ ಸೇಬರ್ (ಬೆಳಕಿನ ಕತ್ತಿ) ಝಾಕುವಿನ ಕಾಕ್‌ಪಿಟ್‌ಗೆ ನುಗ್ಗುತ್ತೆ. ಗನ್‌ಡಮ್ ಒಳಗಿದ್ದವಳು ಆಲ್‌ನ ಪಕ್ಕದ ಮನೆ ಕ್ರಿಸ್. ಬರ್ನಿಗೆ ಮನಸ್ಸಿದ್ದ ಹುಡುಗಿ. ಅವಳಿಗೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ.

ಇದನ್ನು ತ್ಯಾಗ ಅನ್ನಬೇಕಾ, ದಂಡ ಅನ್ನಬೇಕಾ? ಅವನು ಮಾಡಿದ್ದು ಸರಿ ಅಂತ ನಿಮಗೆ ಅನಿಸುತ್ತಾ?

ಹಳೇಝಾಕು

ದಂಡವೇ. ಇನ್ನೂ ಹೊಟ್ಟೆ ಉರಿಯುವಂಥದ್ದು ಒಂದಿದೆ ಕೇಳಿ. ಆ ಗನ್‌ಡಮ್ ತಯಾರಾಗುತ್ತಿದ್ದದ್ದು ಮೊದಲ ಸೀರೀಸ್‌ನ ನಾಯಕ ಅಮುರೋಗೆ. ಅದು ಅವನ ಕೈ ಸೇರಲೇ ಇಲ್ಲ. ಬರ್ನಿ ಸತ್ತದ್ದು ಕ್ರಿಸ್‌ಮಸ್ ದಿನ, ಕದನವಿರಾಮ ಆಗಿದ್ದು ಕಥೆಯ ಲೆಕ್ಕದಲ್ಲಿ 0080ನೇ ಇಸವಿಯ ಜನವರಿ 1ಕ್ಕೆ. ಒಂದು ವಾರ ಸುಮ್ನೆ ಇದ್ದಿದ್ದರೆ ಅವನು ಬದುಕಿರುತ್ತಿದ್ದ.

ಆದರೆ ಅವನು ತಪ್ಪು ಮಾಡಿದ ಅಂತ ನಾನು ಹೇಳಲ್ಲ. ಅವನಿಗೆ ಗೊತ್ತಿದ್ದಷ್ಟರಲ್ಲಿ ಅವನು ಸರಿ. ಕ್ರಿಸ್ ಊರು ಕಾಪಾಡುತ್ತಿದ್ದಳು, ಅವಳೂ ಸರಿ. ಇಬ್ಬರೂ ಒಂದೇ ಊರು ಉಳಿಸೋಕೆ ಹೋಗಿ ಒಬ್ಬರನ್ನೊಬ್ಬರು ಹೊಡೆದರು. ಯುದ್ಧ ವ್ಯರ್ಥ ಅಂತ ಭಾಷಣ ಬಿಗಿಯುವ ಸೀರೀಸ್ ಬೇಕಾದಷ್ಟಿವೆ. ಇಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಹೇಳಲ್ಲ, ಬರೀ ಸುದ್ದಿ ತಲುಪೋಕೆ ತಡ ಆಗುತ್ತೆ ಅಷ್ಟೇ.

1979ರ ಮೊದಲ ಸೀರೀಸ್‌ನ 13ನೇ ಎಪಿಸೋಡನ್ನೂ ನೋಡಿ. ಅಮುರೋ ಎಷ್ಟೋ ಕಾಲದ ಮೇಲೆ ಅಮ್ಮನನ್ನು ಹುಡುಕಿಕೊಂಡು ಹೋಗುತ್ತಾನೆ. ಜಿಯಾನ್ ಸೈನಿಕರು ಬರುತ್ತಾರೆ, ಹಾಸಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದವನು ಅಮ್ಮನ ಎದುರಿಗೇ ಒಬ್ಬನಿಗೆ ಗುಂಡು ಹಾರಿಸುತ್ತಾನೆ. ಅವಳು ನಡುಗಿಹೋಗುತ್ತಾಳೆ, ನಿನ್ನನ್ನು ಇಂಥವನಾಗಿ ಬೆಳೆಸಿರಲಿಲ್ಲ ಅನ್ನುತ್ತಾಳೆ. ಹೊಡೆಯದಿದ್ದರೆ ಅವನೇ ಸಾಯುತ್ತಿದ್ದ, ಅದೂ ನಿಜ. ಹೊರಡುವಾಗ ಹದಿನೈದರ ಹುಡುಗ ಹೆತ್ತಮ್ಮನಿಗೆ ಸೆಲ್ಯೂಟ್ ಹೊಡೆದು ಹೋಗುತ್ತಾನೆ, ಯಾರೋ ಆಫೀಸರ್‌ಗೆ ಹೊಡೆದ ಹಾಗೆ. ಇಡೀ ಸೀರೀಸ್‌ನಲ್ಲಿ ನನಗೆ ಅದಕ್ಕಿಂತ ಕ್ರೂರವಾದ ದೃಶ್ಯ ಕಂಡಿಲ್ಲ.

ಮೂಗುತೂರಿಸುವವಳು

ನಾನು ಒಪ್ಪಲ್ಲ ಹಳೇಝಾಕು. "ಎಲ್ಲರೂ ಸರಿ" ಅಂದುಬಿಟ್ಟರೆ ಮಾತೇ ಮುಗಿದುಹೋಯಿತಲ್ಲ.

ಬರ್ನಿ ಸಾಯೋಕೆ ಮುಂಚೆ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ ಒಂದು ಡಿಸ್ಕ್ ರೆಕಾರ್ಡ್ ಮಾಡಿ ಆಲ್ ಕೈಗೆ ಕೊಡುತ್ತಾನೆ. ನಾನು ಸೋತರೆ ಇದನ್ನು ಪೊಲೀಸರಿಗೆ ಕೊಡು ಅಂತ. ಸೋತರೆ ಯಾಕೆ? ಮೊದಲೇ ಕೊಡಬಹುದಿತ್ತಲ್ವಾ? ಆಲ್ ಹೇಳಿದರೆ ದೊಡ್ಡವರು ನಂಬಲ್ಲ ಸರಿ, ಯೂನಿಫಾರ್ಮ್ ಹಾಕಿದ ಜಿಯಾನ್ ಪೈಲಟ್ ತಾನೇ ಹೋಗಿ ಶರಣಾಗಿದ್ದರೆ ನಂಬುತ್ತಿದ್ದರು. ಅವನ ತಲೆಗೆ ಮೊದಲು ಹೊಳೆದದ್ದು ಹೊಡೆದಾಟ, ಮಾತು ಬಂದದ್ದು ಆಮೇಲೆ. ನನ್ನ ಪ್ರಕಾರ ಸೀರೀಸ್ ತೋರಿಸುತ್ತಿರುವುದು ಇದನ್ನೇ. ಯೂನಿಫಾರ್ಮ್ ಹಾಕಿದ ಒಳ್ಳೆ ಹುಡುಗನಿಗೂ ಬೇರೆ ದಾರಿ ಕಾಣಲ್ಲ. ಅದಕ್ಕೆ ಹಣೆಬರಹ ಅಂತ ಹೆಸರಿಟ್ಟು ಕಣ್ಣೀರು ಹಾಕಿದರೆ ಹೇಗೆ?

ಇನ್ನೊಂದು. ಬರ್ನಿ, ಮೊದಲ ಸೀರೀಸ್‌ನ ಜಿಯಾನ್ ಸೈನಿಕ ರಾಂಬಾ ರಾಲ್ ಇವರನ್ನೆಲ್ಲ ನೋಡಿ ಜಿಯಾನ್ ಪರ ಮರುಗುವವರು ಜಾಸ್ತಿ ಆಗಿಬಿಟ್ಟಿದ್ದಾರೆ. ಕಾಲೊನಿಯ ಜನಕ್ಕೆ ವಿಷಾನಿಲ ಹಾಕಿ ಕೊಂದು, ಅದೇ ಕಾಲೊನಿಯನ್ನು ಭೂಮಿ ಮೇಲೆ ಬೀಳಿಸಿ ಸಿಡ್ನಿಯನ್ನು ಅಳಿಸಿಹಾಕಿದವರು ಯಾರು? ಮನುಷ್ಯಕುಲದ ಅರ್ಧ ಸತ್ತುಹೋಯಿತು ಅಂತ ಮೊದಲ ಸೀರೀಸ್‌ನ ನಿರೂಪಕ ಶುರುವಿನಲ್ಲೇ ಹೇಳುತ್ತಾನೆ. ಜಿಯಾನ್ ಆಳುವ ಮನೆತನದ ಗಿರೆನ್ ತನ್ನ ತಮ್ಮ ಗಾರ್ಮಾನ ಸಾವನ್ನೂ ಬಿಡಲ್ಲ, ಅದನ್ನೇ ಭಾಷಣ ಮಾಡಿಕೊಳ್ಳುತ್ತಾನೆ. ಕೊನೆಗೆ ಸಂಧಿಗೆ ಹೊರಟ ಸ್ವಂತ ಅಪ್ಪನನ್ನೇ ಸುಟ್ಟುಹಾಕುತ್ತಾನೆ. ಯುದ್ಧ ವ್ಯರ್ಥ ಅನ್ನೋದು ನಿಜ. ಅಂದಮಾತ್ರಕ್ಕೆ ಶುರು ಮಾಡಿದವನದೂ ತಡೆದವನದೂ ಪಾಪ ಸಮ ಆಗಲ್ಲ.

ಕಿಟ್ ಡಬ್ಬಿ

ನನ್ನ ತಕರಾರು ಬೇರೆ. ಇದೆಲ್ಲ ಗೊಂಬೆ ಮಾರುವ ಕಾರ್ಯಕ್ರಮ ಸ್ವಾಮಿ. ಮೊದಲ ಸೀರೀಸ್‌ಗೆ ದುಡ್ಡು ಹಾಕಿದ್ದು ಆಟಿಕೆ ಕಂಪನಿ. ರೇಟಿಂಗ್ ಬರಲಿಲ್ಲ ಅಂತ 52 ಎಪಿಸೋಡಿನ ಪ್ಲಾನನ್ನು 43ಕ್ಕೆ ಮೊಟಕು ಮಾಡಿದರು. ಆಮೇಲೆ 1980ರಲ್ಲಿ ಬಂಡಾಯ್ ಪ್ಲಾಸ್ಟಿಕ್ ಕಿಟ್ ತಂದಿತು, ಮರುಪ್ರಸಾರ, ಸಿನಿಮಾ ಎಲ್ಲ ಸೇರಿ ಗನ್‌ಡಮ್ ಎದ್ದು ಕೂತಿತು. ಯುದ್ಧ ಬೇಡ ಅನ್ನುವ ಕಥೆ ಯುದ್ಧಯಂತ್ರದ ಕಿಟ್ ಮಾರಿ ಬದುಕುತ್ತಿದೆ. ನನ್ನ ಶೆಲ್ಫಿನಲ್ಲೂ ಬರ್ನಿಯ ಝಾಕು ನಿಂತಿದೆ, ಸುಳ್ಳು ಯಾಕೆ ಹೇಳಲಿ.

ಹಳೇಝಾಕು

@ಕಿಟ್ ಡಬ್ಬಿ, ಅದಕ್ಕೆ ಉತ್ತರ ಈ ಆರು ಎಪಿಸೋಡಿನಲ್ಲೇ ಇದೆ. ಶುರುವಿನಲ್ಲಿ ಆಲ್ ಮತ್ತವನ ಗೆಳೆಯರು ಸೈನಿಕರ ಬ್ಯಾಡ್ಜ್‌ಗಾಗಿ ಹಾತೊರೆಯುತ್ತಾರೆ, ಮೊಬೈಲ್ ಸೂಟ್ (ಈ ಯುದ್ಧ ರೋಬೋಗಳು) ಅಂದರೆ ಪ್ರಾಣ. ಆ ಹುಡುಗರು ನಾವೇ. ಕೊನೆಯಲ್ಲಿ ಶಾಲೆಯಲ್ಲಿ ಹೆಡ್‌ಮಾಸ್ಟರ್ ಮಾತಾಡುವಾಗ ಆಲ್ ಬಿಕ್ಕಿಬಿಕ್ಕಿ ಅಳುತ್ತಾನಲ್ಲ, ಗೆಳೆಯರು ಏನು ಹೇಳಿ ಸಮಾಧಾನ ಮಾಡುತ್ತಾರೆ? ಅಳಬೇಡ ಕಣೋ, ಇನ್ನೊಂದು ಯುದ್ಧ ಬೇಗ ಬರುತ್ತೆ, ಇದಕ್ಕಿಂತ ಭರ್ಜರಿಯಾಗಿರುತ್ತೆ ಅಂತ. ಕಿಟ್ ಕೊಳ್ಳುವವನ ಮುಖಕ್ಕೇ ಹೇಳಿದ್ದಾರೆ.

@ಮೂಗುತೂರಿಸುವವಳು, ಡಿಸ್ಕ್ ವಿಷಯ ಒಳ್ಳೆ ಪಾಯಿಂಟು. ಆದರೆ ಅದೇ ಡಿಸ್ಕಿನಲ್ಲಿ ಅವನು ಗನ್‌ಡಮ್ ಪೈಲಟ್ ಮೇಲೆ ದ್ವೇಷ ಇಟ್ಟುಕೋಬೇಡ, ಅವರೂ ಮಾಡಬೇಕಾದ್ದನ್ನೇ ಮಾಡುತ್ತಿದ್ದಾರೆ ಅಂತಾನಲ್ಲ. ಕಣ್ಣು ಪೂರ್ತಿ ಮುಚ್ಚಿದ್ದವನು ಆ ಮಾತು ಆಡಲ್ಲ.

ಮೂಗುತೂರಿಸುವವಳು

ಆಡಿದ, ಆಡಿಬಿಟ್ಟು ಝಾಕು ಹತ್ತಿದ. ದೋಆನ್ ಅನ್ನೋ ಜಿಯಾನ್ ಪೈಲಟ್‌ನನ್ನು ನೋಡಿ. ಮೊದಲ ಸೀರೀಸ್‌ನ 15ನೇ ಎಪಿಸೋಡು. ತನ್ನ ಕೈಯಿಂದಲೇ ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಸಾಕಿಕೊಂಡು, ಸೈನ್ಯ ಬಿಟ್ಟು ದ್ವೀಪದಲ್ಲಿರುತ್ತಾನೆ. ಅವನ ಝಾಕುವನ್ನು ಅಮುರೋ ಎತ್ತಿ ಸಮುದ್ರಕ್ಕೆ ಎಸೆಯುತ್ತಾನೆ, ಅದು ಇರೋವರೆಗೆ ಯುದ್ಧ ನಿನ್ನನ್ನು ಹುಡುಕಿಕೊಂಡು ಬರುತ್ತೆ ಅಂತ. ಬರ್ನಿ ಮಾಡಿದ್ದು ಉಲ್ಟಾ, ಕೆಟ್ಟು ಬಿದ್ದಿದ್ದನ್ನು ರಿಪೇರಿ ಮಾಡಿದ.

ನಿದ್ದೆಗೆಟ್ಟವ

ನನಗೆ ಇನ್ನೂ ಬರ್ನಿ ಮೇಲೆ ಸಿಟ್ಟು ಬರುತ್ತಿಲ್ಲ. ಡಿಸ್ಕ್ ಮಾತು ಮಾತ್ರ ಕೊರೆಯುತ್ತಿದೆ, ಆ ಎಪಿಸೋಡನ್ನು ಇನ್ನೊಂದು ಸಲ ನೋಡಬೇಕು. ಅದಾದ ಮೇಲೆ ಝೀಟಾ ಗನ್‌ಡಮ್ ಸೀರೀಸ್‌ಗೆ ಹೋಗಲಾ?

ಮೂಗುತೂರಿಸುವವಳು

ಹೋಗಿ, 50 ಎಪಿಸೋಡಿದೆ. ಯುದ್ಧ ಗೆದ್ದ ಫೆಡರೇಶನ್‌ನವರದೇ ಟೈಟನ್ಸ್ ಅನ್ನೋ ಪಡೆ ಒಂದು ಕಾಲೊನಿಗೆ ವಿಷಾನಿಲ ಬಿಟ್ಟಿರುತ್ತೆ, ಜಿಯಾನ್ ಮಾಡಿದ ಹಾಗೇ. ಯಾರು ಸರಿ ಅನ್ನೋ ಜಗಳ ಅಲ್ಲಿ ಮುಂದುವರಿಸೋಣ.