ವಯಸ್ಸು 62, ವಾಚ್ ಹೇಳೋ ಹಾರ್ಟ್ ರೇಟ್ ಝೋನ್ ನಂಬಬಹುದಾ?

ಪ್ರಶ್ನೆ:
ನಾಲ್ಕು ವರ್ಷದಿಂದ ಸೈಕಲ್ ತುಳೀತಿದೀನಿ, ಹೊಸ ವಾಚ್ ತಗೊಂಡ್ಮೇಲೆ ತಲೆಬಿಸಿ ಶುರುವಾಗಿದೆ. ಅದು 220ರಲ್ಲಿ ವಯಸ್ಸು ಕಳೆದು ನಿಮಿಷಕ್ಕೆ ಹೃದಯ ಬಡಿತದ ಮ್ಯಾಕ್ಸ್ 158 ಅಂತ ಇಟ್ಕೊಂಡು, ಝೋನ್ 2 ಅಂದ್ರೆ ಸುಲಭವಾಗಿ ತುಳಿಯೋ ಮಟ್ಟ 95ರಿಂದ 111 ಅಂತಿದೆ, ಅಷ್ಟರಲ್ಲೇ ಇರ್ಬೇಕು ಅಂದ್ರೆ ಸೈಕಲ್ ತಳ್ಕೊಂಡೇ ಹೋಗ್ಬೇಕು. ಮೊನ್ನೆ ಏರು ಹತ್ತುವಾಗ 171 ತೋರಿಸ್ತು. ಏದುಸಿರು ಬಂತು ನಿಜ, ಎದೆನೋವು ತಲೆಸುತ್ತು ಏನೂ ಇರ್ಲಿಲ್ಲ, ಆದ್ರೂ ಮನೆಯವ್ರು ಹೆದರಿದ್ದಾರೆ. ಏನ್ ಮಾಡ್ಲಿ?

ಉತ್ತರ 1:
ಸರ್, 220ರ ಲೆಕ್ಕ ಬರೀ ಸರಾಸರಿ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬೀಟ್ ಆಚೀಚೆ ಆಗೋದು ಮಾಮೂಲಿ. ವಯಸ್ಸಾದವ್ರಿಗೆ ಅದು ಕಮ್ಮಿನೇ ತೋರ್ಸುತ್ತೆ. ವಯಸ್ಸನ್ನ 0.7ರಿಂದ ಗುಣಿಸಿ 208ರಲ್ಲಿ ಕಳೀರಿ, ನಿಮಗೆ 165 ಹತ್ರ ಬರುತ್ತೆ. ಆದ್ರೆ ಆ 171ನೂ ಪೂರ್ತಿ ನಂಬ್ಬೇಡಿ, ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಬಗ್ಗಿ ವಾಚ್ ಸರಿಯಾಗಿ ಕೂರಲ್ಲ, ಎದೆಗೆ ಕಟ್ಟೋ ಸ್ಟ್ರಾಪ್ ಹಾಕಿ ನೋಡಿ. ಬೆಳಿಗ್ಗೆ ಹಾಸಿಗೆಯಿಂದ ಏಳೋಕ್ ಮುಂಚೆ ನಾಡಿನೂ ಎಣಿಸ್ಕೊಳ್ಳಿ.

ಉತ್ತರ 2:
ಬಿಪಿ ಮಾತ್ರೆ ತಗೋತೀರಾ? ನಾನು ಬೀಟಾ ಬ್ಲಾಕರ್ ಅಂತ ಹೃದಯ ಬಡಿತ ತಗ್ಗಿಸೋ ಮಾತ್ರೆ ತಗೋತೀನಿ, ಎಷ್ಟೇ ತುಳಿದ್ರೂ 130 ದಾಟಲ್ಲ, ಮೊದಲು ಇದು ಗೊತ್ತಿಲ್ದೆ ಝೋನ್ 4ಕ್ಕೆ, ಅಂದ್ರೆ ಜೋರಾಗಿ ತುಳಿಯೋ ಮಟ್ಟಕ್ಕೆ, ಹೋಗ್ಬೇಕು ಅಂತ ಹಠ ಹಿಡಿದು ಎರಡು ದಿನ ಮಲಗಿಬಿಟ್ಟೆ. ಅಂಥವ್ರಿಗೆ ನಂಬರ್‌ಗಿಂತ ಮಾತೇ ಅಳತೆ, ಪೂರ್ತಿ ವಾಕ್ಯ ಆಡೋಕಾದ್ರೆ ಅದು ಸುಲಭದ ರೈಡ್. ಮತ್ತೆ ಜೋರಾಗಿ ತುಳಿಯೋಕ್ ಮುಂಚೆ ಡಾಕ್ಟರಿಗೆ ಒಂದ್ಸಲ ತೋರಿಸಿ, ಮನೆಯವ್ರಿಗೂ ಧೈರ್ಯ ಬರುತ್ತೆ.

ಪ್ರಶ್ನೆ ಕೇಳಿದವರು:
ಮಾತ್ರೆ ಯಾವ್ದೂ ಇಲ್ಲ. ಡಾಕ್ಟರು ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಎರಡೂ ನೋಡಿ ತೊಂದರೆ ಇಲ್ಲ ಅಂದ್ರು. ಸ್ಟ್ರಾಪ್ ಹಾಕಿ ಅದೇ ಏರು ಹತ್ತಿದೆ, 169. ಬೆಳಗಿನ ನಾಡಿ 54.

ಉತ್ತರ 1:
ಹಾಗಾದ್ರೆ 169ನ್ನೇ ನಿಮ್ಮ ಮ್ಯಾಕ್ಸ್ ಅಂತ ಇಟ್ಕೊಂಡು ಅದರಲ್ಲಿ ಬೆಳಗಿನ ನಾಡಿ 54 ಕಳೀರಿ, 115. ಅದರ 60ರಿಂದ 70 ಪರ್ಸೆಂಟ್‌ಗೆ 54 ಕೂಡಿಸಿದ್ರೆ 123ರಿಂದ 135, ನಿಮ್ಮ ಸುಲಭದ ರೈಡು ಇದೇ. ಜೋರಿನ ರೈಡ್ ವಾರಕ್ಕೆ ಒಂದು, ಹೆಚ್ಚಂದ್ರೆ ಎರಡು ಸಾಕು ಸರ್, ನಮ್ಮ ವಯಸ್ಸಲ್ಲಿ ಸುಧಾರಿಸ್ಕೊಳ್ಳೋಕೆ ಟೈಮ್ ಬೇಕು.

ಪ್ರಶ್ನೆ ಕೇಳಿದವರು:
ಇವತ್ತು 128ರಲ್ಲಿ ಹೋದೆ, ಜೊತೆಗಿದ್ದವನ ಹತ್ರ ಮಾತಾಡ್ಕೊಂಡೇ. ಆದ್ರೆ ಎರಡನೇ ಗಂಟೇಲಿ ಸ್ಪೀಡ್ ಅಷ್ಟೇ ಇದ್ರೂ 138 ಆಯ್ತು?

ಉತ್ತರ 2:
ಬಿಸಿಲಿಗೆ ಬೆವರಿ ಮೈಯಲ್ಲಿ ನೀರು ಕಮ್ಮಿ ಆದಾಗ ಹಾಗೆ ಮೇಲೇರುತ್ತೆ, ನೀರು ಕುಡೀತಾ ಇರಿ, ಗೇರ್ ಒಂದು ಇಳಿಸಿ.